ಹದಿನೇಳನೇ ಸಾಲಿನ ಧ್ವಜ

ನಾನು ಕೆಲಸಕ್ಕಿದ್ದ ದುಬೈಯ ಹೋಟೆಲಿನಲ್ಲಿ ದೊಡ್ಡ ಅತಿಥಿಗಳಿಗೆಂದೇ ಒಂದು ಚೆಕ್‌ಲಿಸ್ಟ್ ಇತ್ತು. ಒಟ್ಟು ಮೂವತ್ತೆಂಟು ಸಾಲು. ಮೊದಲನೆಯದು ಲಿಫ್ಟ್ ಕಾದಿರಿಸುವುದು, ಕೊನೆಯದು ಅತಿಥಿಗಳು ಹೋದ ಮೇಲೆ ಮರೆತ ವಸ್ತುಗಳನ್ನು ಹುಡುಕುವುದು. ಹದಿನೇಳನೆಯದು ಧ್ವಜ. ಊಟದ ಮೇಜಿನ ನಡುವೆ ಹಿತ್ತಾಳೆಯ ಸ್ಟ್ಯಾಂಡು, ಅದರಲ್ಲಿ ಎರಡೂ ಕಡೆಯವರ ಪುಟ್ಟ ಧ್ವಜಗಳು, ಎರಡೂ ಒಂದೇ ಎತ್ತರಕ್ಕೆ. ಆ ಒಂದು ಸಾಲಿನಿಂದ ಹನ್ನೊಂದು ದಿನ ಹೋಯಿತು.

ದೇಶಗಳ ಹೆಸರು ಬರೆಯುವುದಿಲ್ಲ. ಅಣ್ಣ ಇನ್ನೂ ಹಡಗಿನ ಕೆಲಸದಲ್ಲೇ ಇದ್ದಾನೆ, ಅದೇ ಸಮುದ್ರದಲ್ಲಿ ಮತ್ತೆ ಹಾದುಹೋಗಬೇಕಾದವನು.

ಅಣ್ಣ ಒಂದು ಟ್ಯಾಂಕರಿನ ಎಂಜಿನ್ ರೂಮಿನಲ್ಲಿ ಫಿಟ್ಟರ್ ಆಗಿದ್ದ. ಹಡಗಿನ ಮಾಲೀಕರ ದೇಶಕ್ಕೂ ಅವರು ಹಾದುಹೋಗುತ್ತಿದ್ದ ಕರಾವಳಿಯ ದೇಶಕ್ಕೂ ಎಷ್ಟೋ ವರ್ಷಗಳಿಂದ ಮಾತಿಲ್ಲ. ಒಂದು ಶನಿವಾರ ಆ ದೇಶದ ದೋಣಿಗಳು ಬಂದು ಹಡಗನ್ನು ತಿರುಗಿಸಿ ತಮ್ಮ ಬಂದರಿಗೆ ಒಯ್ದವು. ಹಡಗಿನಲ್ಲಿದ್ದವರು ಹತ್ತೊಂಬತ್ತು ಜನ. ಮೂವರು ಮಾಲೀಕರ ದೇಶದವರು, ಉಳಿದವರು ನಮ್ಮವರು ಮತ್ತು ಫಿಲಿಪೀನ್ಸಿನವರು. ನನ್ನ ಡೈರಿಯಲ್ಲಿ ಆ ಶನಿವಾರವೇ ಒಂದನೇ ದಿನ. ಅವತ್ತು ಅತ್ತಿಗೆಗೆ ಆರು ತಿಂಗಳು ನಡೆಯುತ್ತಿತ್ತು. ಡಾಕ್ಟರು ಕೊಟ್ಟ ತಾರೀಖಿಗೆ ಎಣಿಸಿ ನೋಡಿದರೆ ಹೆರಿಗೆ ನೂರಹತ್ತನೇ ದಿನದ ಆಸುಪಾಸು. ಅಷ್ಟರೊಳಗೆ ಅಣ್ಣ ಮನೆಯಲ್ಲಿರಬೇಕು. ಆ ನಾಲ್ಕು ತಿಂಗಳು ನನಗೆ ಬೇರೆ ಯಾವ ಲೆಕ್ಕವೂ ಇರಲಿಲ್ಲ.

ಅತ್ತಿಗೆ ದಿನಾ ಬೆಳಿಗ್ಗೆ ಏಳೂಕಾಲಿಗೆ ಊರಿಂದ ಫೋನ್ ಮಾಡುತ್ತಿದ್ದರು. ದುಬೈಯ ಅಲ್ ಮುರಕ್ಕಬಾತ್ ಬಡಾವಣೆಯಲ್ಲಿ ಐದು ಹುಡುಗಿಯರು ಹಂಚಿಕೊಂಡಿದ್ದ ಕೋಣೆಯಲ್ಲಿ ನನ್ನದು ಕಿಟಕಿ ಪಕ್ಕದ ಒಂದು ಹಾಸಿಗೆಯಷ್ಟು ಬಾಡಿಗೆ ಜಾಗ, ಅಲ್ಲಿನವರ ಮಾತಿನಲ್ಲಿ ಬೆಡ್‌ಸ್ಪೇಸ್. ಉಳಿದವರು ಏಳಬಾರದೆಂದು ನಾನು ಫೋನು ಹಿಡಿದು ಮೆಟ್ಟಿಲ ಮೇಲೆ ಕೂರುತ್ತಿದ್ದೆ.

"ಎಂತಾದ್ರೂ ಗೊತ್ತಾಯ್ತಾ?"

"ಇಲ್ಲ ಅತ್ತಿಗೆ."

"ಇವತ್ತಿಗೆ ಎಷ್ಟಾಯ್ತು?"

ನಾನು ಸಂಖ್ಯೆ ಹೇಳುತ್ತಿದ್ದೆ. ಗೋಡೆಯ ಕ್ಯಾಲೆಂಡರಿನಲ್ಲಿ ಅವರೂ ಬರೆದಿಟ್ಟಿದ್ದರು, ಆದರೂ ನನ್ನಿಂದ ಕೇಳಬೇಕಿತ್ತು.

ಹಡಗಿನ ಕಂಪನಿಯ ಏಜೆಂಟನ ಕಚೇರಿ ದುಬೈಯ ಹೊರವಲಯದ ಸಿಲಿಕಾನ್ ಓಯಸಿಸ್‌ನಲ್ಲಿತ್ತು. ಮೊದಲ ಅರವತ್ತು ದಿನಗಳಲ್ಲಿ ಅಲ್ಲಿಗೆ ಇಪ್ಪತ್ತೇಳು ಸಲ ಫೋನ್ ಮಾಡಿದೆ, ರಜೆಯ ದಿನ ಬಸ್ಸು ಹತ್ತಿ ನಾಲ್ಕು ಸಲ ಹೋದೆ. ಗಾಜಿನ ಬಾಗಿಲ ಆಚೆ ಕೂತಿದ್ದವನ ಉತ್ತರ ಮೂವತ್ತೊಂದು ಸಲವೂ ಒಂದೇ: "ಅಂಡರ್ ಪ್ರೊಸೆಸ್, ಮ್ಯಾಡಮ್." ಯಾವ ಪ್ರೊಸೆಸ್ ಎಂದು ಒಮ್ಮೆ ಕೇಳಿದೆ. ಅದೂ ಅಂಡರ್ ಪ್ರೊಸೆಸ್ ಎನ್ನುವ ಹಾಗೆ ಕೈ ಆಡಿಸಿದ. ಅಣ್ಣನಿಗೆ ಒಂಬತ್ತು ಹತ್ತು ದಿನಕ್ಕೊಮ್ಮೆ ಎರಡು ನಿಮಿಷ ಮಾತಾಡಲು ಬಿಡುತ್ತಿದ್ದರು. ಇಂಗ್ಲಿಷಿನಲ್ಲೇ ಮಾತಾಡಬೇಕು, ಪಕ್ಕದಲ್ಲಿ ಕಾವಲಿನವನು ನಿಂತಿರುತ್ತಾನೆ. ಮನೆಯಲ್ಲಿ ಒಂದು ವಾಕ್ಯ ಇಂಗ್ಲಿಷ್ ಆಡದ ಅಣ್ಣ ಹೆಂಡತಿಗೆ "ಹೌ ಆರ್ ಯು, ಐ ಆ್ಯಮ್ ಫೈನ್" ಎನ್ನುತ್ತಿದ್ದನಂತೆ. ಅದನ್ನು ಹೇಳುವಾಗ ಅತ್ತಿಗೆ ನಕ್ಕು, ಆಮೇಲೆ ಫೋನ್ ಇಟ್ಟುಬಿಡುತ್ತಿದ್ದರು.

ಹತ್ತೊಂಬತ್ತು ಮನೆಯವರದೂ ಸೇರಿ ಒಂದು ವಾಟ್ಸ್ಯಾಪ್ ಗ್ರೂಪ್ ಇತ್ತು. ಐವತ್ತನೇ ದಿನದ ಹೊತ್ತಿಗೆ ಅದರಲ್ಲಿ ಒಂದು ಸುದ್ದಿ ಬಂತು. ಮಾಲೀಕರ ದೇಶದಲ್ಲಿ ಹಿಂದೆ ಅಧ್ಯಕ್ಷರಾಗಿದ್ದವರೊಬ್ಬರು ಸ್ವಂತವಾಗಿ ಮಾತುಕತೆಗೆ ಇಳಿದಿದ್ದಾರಂತೆ, ಸರ್ಕಾರದ ಪರವಾಗಿ ಅಲ್ಲವಂತೆ. ಹುದ್ದೆ ಬಿಟ್ಟು ಹತ್ತು ವರ್ಷ ದಾಟಿದ ಮುದುಕರು. ಆಳುತ್ತಿರುವವರಿಗೆ ಆಗದ್ದು ಇವರಿಂದ ಏನಾದೀತು ಎಂದು ಗ್ರೂಪಿನಲ್ಲಿ ಒಬ್ಬರು ಬರೆದರು. ಇನ್ನೊಬ್ಬರು ಕೈ ಮುಗಿದ ಚಿತ್ರ ಹಾಕಿದರು.

ಐವತ್ತೊಂಬತ್ತನೇ ದಿನ ನನ್ನ ಮೇಜಿಗೆ ಒಂದು ಫಂಕ್ಷನ್ ಶೀಟ್ ಬಂತು. ಬ್ಯಾಂಕ್ವೆಟ್ ವಿಭಾಗದಲ್ಲಿ ಯಾವ ಊಟಕ್ಕೆ ಎಷ್ಟು ಜನ, ಯಾವ ಕೋಣೆ, ಏನೇನು ಬೇಕು ಎಂದು ಬರೆದಿರುವ ಕಾಗದ ಅದು. ಅದನ್ನು ತಾಳೆ ನೋಡಿ ಕೆಳಗೆ ಕಳಿಸುವುದು ನನ್ನ ಕೆಲಸ. ಅದರಲ್ಲಿ ಇದ್ದದ್ದು ಇಷ್ಟೇ: ಅತಿಥಿಯ ಹೆಸರಿನ ಜಾಗದಲ್ಲಿ ಬರೀ 'ಪ್ರೊಫೆಸರ್', ಖಾಸಗಿ ಊಟ, ಮಧ್ಯಾಹ್ನ ಒಂದು ಗಂಟೆ, ಆರು ಜನ, ಮದ್ಯ ಇಲ್ಲ, ಸಾಮಾನ್ಯ ಸೆಟಪ್. ಬುಕಿಂಗಿನ ಪಾಸ್‌ಪೋರ್ಟ್ ಪ್ರತಿಯಲ್ಲಿದ್ದ ಮುಖ ನಮ್ಮ ಗ್ರೂಪಿನಲ್ಲಿ ಓಡಾಡಿದ ಚಿತ್ರದ ಮುಖವೇ. ಫೋನು ಪಕ್ಕದಲ್ಲಿಟ್ಟು ಎರಡನ್ನೂ ಹೋಲಿಸಿ ನೋಡಿದೆ. ಹೋಟೆಲಿನಲ್ಲಿ ಯಾರಿಗೂ ಅಣ್ಣನ ವಿಷಯ ಗೊತ್ತಿರಲಿಲ್ಲ. ಹೇಳಿದರೆ ಆ ಊಟದ ಕೆಲಸದಿಂದ ನನ್ನನ್ನು ತೆಗೆಯುತ್ತಿದ್ದರು, ಹಾಗಾಗಿ ಹೇಳಲಿಲ್ಲ. ಅತ್ತಿಗೆಗೆ ಮಾತ್ರ, "ಆ ಮುದುಕರು ನಮ್ಮಲ್ಲಿಗೇ ಬರ್ತಾ ಇದ್ದಾರೆ" ಎಂದೆ. ಅತಿಥಿಗಳ ವಿಷಯ ಹೊರಗೆ ಹೇಳಬಾರದೆಂಬ ನಿಯಮವನ್ನು ಮೊದಲ ಸಲ ಮುರಿದೆ.

ಈಗ ತಪ್ಪಿಗೆ ಬರುತ್ತೇನೆ. ಶೀಟ್ ಕಳಿಸುವ ಸೇಲ್ಸ್ ವಿಭಾಗದವರು ಆ ತಿಂಗಳು ಹದಿನಾಲ್ಕು ತಪ್ಪು ಮಾಡಿದ್ದರು, ಹದಿನಾಲ್ಕನ್ನೂ ನಾನು ಹಿಡಿದಿದ್ದೆ. ಹದಿನೈದನೆಯದೂ ಸಿಕ್ಕಿತು ಅಂದುಕೊಂಡೆ. ಅಧ್ಯಕ್ಷರಾಗಿದ್ದವರಿಗೆ ಸಾಮಾನ್ಯ ಸೆಟಪ್ ಹೇಗಾಗುತ್ತದೆ? ಹುದ್ದೆ ಬಿಟ್ಟವರಿಗೂ ಹುದ್ದೆಯಲ್ಲಿದ್ದಾಗಿನ ಮರ್ಯಾದೆಯೇ ಎಂದು ತರಬೇತಿಯಲ್ಲಿ ಕಲಿಸಿದ್ದರು. ಹಳೆಯ ಫೈಲು ತೆಗೆದರೆ, ಅಧಿಕಾರದಲ್ಲಿದ್ದಾಗ ಅವರು ಒಮ್ಮೆ ಇದೇ ಹೋಟೆಲಿಗೆ ಬಂದಿದ್ದರು. ಮೂವತ್ತೆಂಟು ಸಾಲಿಗೂ ಟಿಕ್ ಬಿದ್ದಿತ್ತು. ಅಣ್ಣನ ಜೀವ ಆ ಮೇಜಿನ ಮೇಲೆ ಇರುವಾಗ ಒಂದು ಸಾಲೂ ತಪ್ಪಬಾರದು ಎಂದು ನಿರ್ಧರಿಸಿದೆ.

ಮುದುಕರ ದೇಶದ ಧ್ವಜ ಸ್ಟೋರಿನಲ್ಲಿ ಮೇಲೆಯೇ ಇತ್ತು. ಇನ್ನೊಂದು ದೇಶದ್ದು ಡ್ರಾಯರಿನ ತಳದಲ್ಲಿ ಮುದುಡಿ ಬಿದ್ದಿತ್ತು, ಯಾರೂ ಬಳಸಿದ ಹಾಗೆ ಕಾಣಲಿಲ್ಲ. ಲಾಂಡ್ರಿಗೆ ಕಳಿಸಿದರೆ ತಡವಾಗುತ್ತದೆ. ಅಣ್ಣನನ್ನು ಹಿಡಿದಿಟ್ಟವರ ಧ್ವಜಕ್ಕೆ ನಾನೇ ಇಸ್ತ್ರಿ ಹಾಕಿದೆ, ಮೂಲೆ ಮೂಲೆಗೆ ನೀರು ಚಿಮುಕಿಸಿ.

ಅರವತ್ತೊಂದನೇ ದಿನ, ಬುಧವಾರ. ಹನ್ನೆರಡೂ ಮುಕ್ಕಾಲಿಗೆ ಸ್ಟ್ಯಾಂಡ್ ಇಟ್ಟೆ. ಮೇಜು ನೋಡಿಕೊಳ್ಳುವ ಕ್ಯಾಪ್ಟನ್ ಉಳ್ಳಾಲದ ಕಡೆಯ ಬ್ಯಾರಿ ಮುಸ್ಲಿಂ, ದುಬೈಯಲ್ಲಿ ಇಪ್ಪತ್ತೆರಡು ವರ್ಷ ಕಳೆದವರು. ನಾನು ಅವರನ್ನು ಭಾಯ್ ಎನ್ನುತ್ತಿದ್ದೆ. ಧ್ವಜ ನೋಡಿ ಹುಬ್ಬು ಏರಿಸಿದರು.

"ಇದು ಶೀಟಿನಲ್ಲಿ ಉಂಟಾ?"

"ಚೆಕ್‌ಲಿಸ್ಟಿನಲ್ಲಿ ಉಂಟು ಭಾಯ್."

"ನಿನ್ನ ಚೆಕ್‌ಲಿಸ್ಟಿಗೆ ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಕಳ್ಸು ಮಾರಾಯ್ತಿ. ಶೀಟಿನಲ್ಲಿ ಇಲ್ಲ ಅಂದ್ರೆ ಇಲ್ಲ."

ಅವರ ಮಾತನ್ನು ಕೇಳಬೇಕಿತ್ತು. ಕೇಳಲಿಲ್ಲ.

ಮುದುಕರು ತಮ್ಮ ಕಾರ್ಯದರ್ಶಿ ಹೆಂಗಸು ಮತ್ತು ಒಬ್ಬ ಸಹಾಯಕನ ಜೊತೆ ಪಕ್ಕದ ಕೋಣೆಯಲ್ಲಿ ಕಾಯುತ್ತಿದ್ದರು. ಒಂದು ಗಂಟೆ ಐದು ನಿಮಿಷಕ್ಕೆ ಆ ಕಡೆಯ ಮೂವರು ಸರ್ವಿಸ್ ಲಿಫ್ಟಿನಲ್ಲಿ ಬಂದರು. ಮುಂದೆ ಇದ್ದವನು ಐವತ್ತರ ಸುಮಾರಿನವನು, ಬೂದು ಸೂಟು, ಟೈ ಇಲ್ಲ. ಬಾಗಿಲ ತನಕ ಬಂದು ಮೇಜು ನೋಡಿ ನಿಂತ. ನಾನು ಕಾರಿಡಾರಿನಲ್ಲಿ ಶೀಟ್ ಹಿಡಿದು ನಿಂತಿದ್ದೆ. ನಲವತ್ತು ಸೆಕೆಂಡ್ ಆಗಿರಬಹುದು. ಅವನ ಕಾಲು ಹೊಸ್ತಿಲು ದಾಟಲಿಲ್ಲ. ಪಕ್ಕದವನ ಕಿವಿಯಲ್ಲಿ ಏನೋ ಹೇಳಿದ. ಪಕ್ಕದವನು ಓಡಿಬಂದ ಕಾರ್ಯದರ್ಶಿಗೆ ಇಂಗ್ಲಿಷಿನಲ್ಲಿ ಹೇಳಿದ: "ನಮ್ಮವರು ಒಬ್ಬ ಹಿರಿಯರ ಜೊತೆ ಊಟಕ್ಕೆ ಬಂದಿದ್ದರು. ಯಾವ ದೇಶದ ಜೊತೆಯೂ ಅಲ್ಲ." ಮೂವರೂ ಬಂದ ಲಿಫ್ಟಿನಲ್ಲೇ ಇಳಿದು ಹೋದರು. ಭಾಯ್ ಸೂಪಿನ ಟ್ರೇ ಹಿಡಿದು ನಿಂತೇ ಇದ್ದರು.

"ಇದನ್ನು ಇಟ್ಟವರು ಯಾರು?" ಎಂದು ಕಾರ್ಯದರ್ಶಿ ಕೇಳಿದಳು.

"ನಾನು. ಹದಿನೇಳನೇ ಸಾಲಿನಲ್ಲಿ..."

"ಯಾವ ಸಾಲು?" ಅವಳು ಮೇಜಿನ ಕಡೆ ಬೆರಳು ತೋರಿಸಿದಳು. "ನಮ್ಮ ಸರ್ಕಾರ ಇವರ ಜೊತೆ ಮಾತಾಡುವುದಿಲ್ಲ. ಇವರ ಸರ್ಕಾರ ನಮ್ಮ ಜೊತೆ ಮಾತಾಡುವುದಿಲ್ಲ. ಆದ್ದರಿಂದಲೇ ಈ ಊಟ. ಈ ಎರಡು ಧ್ವಜಗಳ ನಡುವೆ ಕೂತ ಒಂದು ಫೋಟೋ ಹೊರಗೆ ಹೋದರೆ ಆ ಮನುಷ್ಯ ತನ್ನ ಊರಿಗೆ ಕಾಲಿಡುವ ಹಾಗಿಲ್ಲ. ಇಲ್ಲಿಗೆ ಬರದೇ ಇರುವ ಸರ್ಕಾರಗಳಿಗೆ ಧ್ವಜ ಇಟ್ಟಿದ್ದೀಯಲ್ಲ!"

ಅಷ್ಟರಲ್ಲಿ ಮುದುಕರು ಒಳಗೆ ಬಂದರು. ಧ್ವಜ ನೋಡಿದರು, ಖಾಲಿ ಕುರ್ಚಿಗಳನ್ನು ನೋಡಿದರು. ಕೂತು, "ಸೂಪು ಆರುತ್ತದೆ, ಬಡಿಸಿ" ಎಂದರು. ವಾರಗಟ್ಟಲೆ ಓಡಾಡಿ ಕಟ್ಟಿದ್ದು ಬಿದ್ದುಹೋದ ಮೇಲೆ ಒಬ್ಬ ಮನುಷ್ಯ ಸೂಪು ಕುಡಿಯಬಲ್ಲ ಎನ್ನುವುದು ನನಗೆ ಸಹಿಸಲಾಗಲಿಲ್ಲ. ಪ್ಯಾಂಟ್ರಿಗೆ ಹೋಗಿ ಐಸ್ ಮೆಶಿನಿನ ಹಿಂದೆ ನಿಂತೆ.

ಮರುದಿನ ಬೆಳಿಗ್ಗೆ ಏಳೂಕಾಲಿಗೆ ಅತ್ತಿಗೆ.

"ಊಟ ಆಯ್ತಾ ಅವರದ್ದು? ಎಂತ ಹೇಳಿದ್ರು?"

"ಮುಂದೆ ಹೋಗಿದೆ ಅತ್ತಿಗೆ."

"ಯಾಕೆ?"

"ಗೊತ್ತಿಲ್ಲ."

ಡೈರಿಯಲ್ಲಿ ಅರವತ್ತೊಂದರ ಕೆಳಗೆ 'ಧ್ವಜ, ನಾನು' ಎಂದು ಎರಡು ಪದ ಬರೆದಿದ್ದೇನೆ. ಅರವತ್ತೆರಡರ ಕೆಳಗೆ 'ಸುಳ್ಳು, ಒಂದು'.

ಆ ಕಡೆಯವರನ್ನು ಮತ್ತೆ ಮೇಜಿಗೆ ಕರೆತರಲು ಹನ್ನೊಂದು ದಿನ ಬೇಕಾಯಿತು. ಎಪ್ಪತ್ತೆರಡನೇ ದಿನದ ಶೀಟಿನಲ್ಲೂ ಅದೇ ಸಾಮಾನ್ಯ ಸೆಟಪ್. ನಾನು ಕೋಣೆಗೆ ಹೋಗಿ ಹೆಸರಿನ ಚೀಟಿ ತೆಗೆದೆ, ಹೋಟೆಲಿನ ಗುರುತಿದ್ದ ನೋಟ್‌ಪ್ಯಾಡ್ ತೆಗೆದೆ, ಬಣ್ಣ ಯಾವುದೋ ಧ್ವಜಕ್ಕೆ ಹೋಲಬಹುದೆಂದು ಹೂವನ್ನೂ ತೆಗೆದೆ. ಭಾಯ್ ನೋಡುತ್ತಿದ್ದರು.

"ಮೇಜಾದ್ರೂ ಇರ್ಲಾ? ಅದನ್ನೂ ತೆಗೀಬೇಕಾ?"

"ತಮಾಷೆ ಬೇಡ ಭಾಯ್."

"ಅಲ್ಲ, ಕೇಳಿದ್ದು. ನೆಲದಲ್ಲಿ ಕೂತು ಉಂಡ್ರೂ ಒಳ್ಳೇದೇ. ನಮ್ಮಲ್ಲಿ ಒಂದೇ ತಟ್ಟೆಗೆ ನಾಲ್ಕು ಜನ ಕೈ ಹಾಕಿ ಉಣ್ತಾರೆ. ಹಾಗೆ ಉಂಡವ ಮತ್ತೆ ಜಗಳ ಮಾಡುದು ಕಷ್ಟ."

ಅವತ್ತು ಅವರು ಒಳಗೆ ಹೋದರು. ಮೂರು ಗಂಟೆ ಇಪ್ಪತ್ತು ನಿಮಿಷ ಬಾಗಿಲು ಮುಚ್ಚಿತ್ತು. ಭಾಯ್ ನಾಲ್ಕು ಸಲ ಚಹಾ ಒಯ್ದರು. ಒಳಗೆ ಏನು ಮಾತು ಎಂದು ಕೇಳಿದರೆ, "ಮೊಣಕಾಲು ನೋವಿನ ಬಗ್ಗೆ" ಎಂದರು. ಎರಡನೇ ಸಲ? "ಮೀನು." ಮೂರನೇ ಸಲ ಹೋದಾಗ ಮುದುಕರೂ ಬೂದು ಸೂಟಿನವನೂ ಚಹಾಕ್ಕೆ ಸಕ್ಕರೆ ಹಾಕಿಕೊಳ್ಳುತ್ತಿದ್ದರಂತೆ. ನಾಲ್ಕನೇ ಸಲದ್ದನ್ನು ಅವರು ಹೇಳಲಿಲ್ಲ, ನಾನೂ ಒತ್ತಾಯಿಸಲಿಲ್ಲ.

ಎಂಬತ್ತನೇ ದಿನ ಐದು ಜನರನ್ನು ಬಿಟ್ಟರು. ಮಾಲೀಕರ ದೇಶದ ಮೂವರು, ಕಾಯಿಲೆ ಬಿದ್ದಿದ್ದ ಇಬ್ಬರು. ಗ್ರೂಪಿನಲ್ಲಿ ಆ ಐದು ಮನೆಯವರು ಎಲ್ಲರಿಗೂ ದೇವರು ಒಳ್ಳೆಯದು ಮಾಡಲಿ ಎಂದು ಬರೆದು ಒಬ್ಬೊಬ್ಬರಾಗಿ ಹೊರಬಿದ್ದರು. ಹದಿನಾಲ್ಕು ಮನೆಗಳು ಉಳಿದವು. ಅಣ್ಣನಿಗೆ ಕಾಯಿಲೆ ಇಲ್ಲವಲ್ಲ ಎಂದು ನನಗೆ ಸಿಟ್ಟು ಬಂತು. ಇಂಥ ಸಿಟ್ಟನ್ನೂ ಬರೆದಿಟ್ಟಿದ್ದೇನೆ.

ಮರುದಿನ ಬೆಳಗಿನ ತಿಂಡಿಗೆ, ನಮ್ಮ ಹೋಟೆಲಿನಲ್ಲೇ ತಂಗಿದ್ದ ಮುದುಕರು ಒಬ್ಬರೇ ಬಂದಿದ್ದರು. ಅತಿಥಿಗಳ ಜೊತೆ ಸ್ವಂತ ವಿಷಯ ಮಾತಾಡಬಾರದು. ಆದರೂ ಹೋಗಿ ಅವರ ಮೇಜಿನ ಪಕ್ಕ ನಿಂತೆ.

"ಉಳಿದ ಹದಿನಾಲ್ಕು ಜನರಲ್ಲಿ ಒಬ್ಬ ನನ್ನ ಅಣ್ಣ, ಸರ್."

ಅವರು ಚಮಚ ಕೆಳಗಿಟ್ಟರು. ಕಿವಿಯ ಯಂತ್ರ ಸರಿಮಾಡಿಕೊಂಡರು.

"ಹತ್ತೊಂಬತ್ತು ಕೇಳಿದೆ," ಎಂದರು. "ಐದು ಕೊಟ್ಟರು."

"ನಿಮ್ಮವರು ಮೂವರೂ ಆ ಐದರಲ್ಲಿ ಇದ್ದಾರೆ."

"ಇದ್ದಾರೆ. ನಾನು ಆರಿಸಿದ್ದಲ್ಲ. ಬೇಡ ಎಂದೂ ಹೇಳಲಿಲ್ಲ."

ಅಣ್ಣನ ಹೆಸರು ಹೇಳಲು ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದರು.

"ಹೆಸರು ಹೇಳಬೇಡ ಮಗೂ. ಗೊತ್ತಾದರೆ ನಾನು ಅದನ್ನೇ ಎರಡು ಸಲ ಕೇಳಿಬಿಡುತ್ತೇನೆ. ನಾನು ಎರಡು ಸಲ ಕೇಳಿದವನನ್ನು ಅವರು ಕೊನೆಗೆ ಬಿಡುತ್ತಾರೆ."

"ಹಾಗಾದರೆ ನಿಮ್ಮಿಂದ ಏನಾಗುತ್ತದೆ?"

ಅಷ್ಟು ಒರಟಾಗಿ ಕೇಳಬಾರದಿತ್ತು. ಅವರಿಗೆ ಬೇಸರವಾದ ಹಾಗೆ ಕಾಣಲಿಲ್ಲ.

"ಕೂತು ಉಣ್ಣುವುದಾಗುತ್ತದೆ. ಹುದ್ದೆಯಲ್ಲಿದ್ದಾಗ ಅದೂ ಆಗುತ್ತಿರಲಿಲ್ಲ."

"ಆ ಧ್ವಜ ಇಟ್ಟವಳೂ ನಾನೇ ಸರ್."

"ಗೊತ್ತು," ಎಂದರು. "ಇಸ್ತ್ರಿ ಚೆನ್ನಾಗಿತ್ತು."

ಬೇರೆ ಯಾರಾದರೂ ಆಗಿದ್ದರೆ ನಗುತ್ತಿದ್ದರೇನೋ. ನನಗೆ ಆ ತಿಂಡಿಯ ಮೇಜನ್ನು ಬೋರಲು ಹಾಕಬೇಕು ಅನ್ನಿಸಿತು.

ಎಂಬತ್ತನಾಲ್ಕನೇ ದಿನ ಅವರದೇ ಸರ್ಕಾರ ಒಂದು ಹೇಳಿಕೆ ಕೊಟ್ಟಿತು. ಮಾಜಿ ಅಧ್ಯಕ್ಷರು ಯಾರ ಪರವಾಗಿಯೂ ಮಾತಾಡುತ್ತಿಲ್ಲ, ಅವರಿಗೆ ಯಾವ ಅಧಿಕಾರವೂ ಇಲ್ಲ. ಮೂವರು ಮನೆ ಸೇರಿದ ಮೇಲೆ ಈ ಮಾತು ನೆನಪಾದದ್ದು! ತೊಂಬತ್ತೇಳನೇ ದಿನ ಮುದುಕರು ಕೋಣೆ ಖಾಲಿ ಮಾಡಿದರು. ಕಾರು ಅಬುಧಾಬಿಗೆ ಎಂದು ಡೆಸ್ಕಿನಲ್ಲಿ ಬರೆದಿತ್ತು. ಮುಂದಿನ ಊಟ ಅಲ್ಲಿ ಇರಬೇಕು. ನಾನು ರಜೆ ಹಾಕಿ ಬಸ್ಸಿನಲ್ಲಿ ಅಬುಧಾಬಿಗೆ ಹೋದೆ. ಹೋಗಿ ಏನು ಮಾಡಬೇಕೆಂದು ಯೋಚಿಸಿರಲಿಲ್ಲ. ಯಾವ ಹೋಟೆಲೆಂದೂ ಗೊತ್ತಿರಲಿಲ್ಲ. ಕಾರ್ನಿಶ್ ಎಂಬ ಕಡಲಂಚಿನ ರಸ್ತೆಯ ಉದ್ದಕ್ಕೂ ಬಿಸಿಲಿನಲ್ಲಿ ನಡೆದು, ಏಳು ಹೋಟೆಲುಗಳ ಲಾಬಿಯಲ್ಲಿ ತಲಾ ಹತ್ತು ನಿಮಿಷ ಕೂತು, ಸಂಜೆಯ ಬಸ್ಸಿಗೆ ಹಿಂದೆ ಬಂದೆ. ಆ ಊಟ ನಡೆಯಿತೋ ಇಲ್ಲವೋ ಇವತ್ತಿಗೂ ತಿಳಿಯದು.

ನೂರಹನ್ನೆರಡನೇ ದಿನ, ಶುಕ್ರವಾರ, ಏಳೂಕಾಲಿಗೆ ಫೋನ್ ಬರಲಿಲ್ಲ. ಎಂಟೂವರೆಗೆ ಅತ್ತಿಗೆಯ ತಾಯಿ ಮಾಡಿದರು. ಹೆಣ್ಣು ಮಗು, ಇಬ್ಬರೂ ಆರಾಮ. ಅಣ್ಣನಿಗೆ ಅದು ಗೊತ್ತಾದದ್ದು ನೂರಹದಿನೈದರಂದು, ತನ್ನ ಪಾಲಿನ ಎರಡು ನಿಮಿಷದಲ್ಲಿ. ಅದರಲ್ಲಿ ಮುಕ್ಕಾಲು ನಿಮಿಷ ಮಗು ಅತ್ತದ್ದು ಮಾತ್ರ ಕೇಳಿಸಿತಂತೆ.

ನೂರಹದಿನೆಂಟನೇ ದಿನ ಉಳಿದ ಹದಿನಾಲ್ಕು ಜನರನ್ನೂ ಬಿಟ್ಟುಬಿಟ್ಟರು. ಮಾನವೀಯ ಕಾರಣ ಎಂದು ಸುದ್ದಿಯಲ್ಲಿ ಬಂತು, ಮುದುಕರ ಹೆಸರು ಎಲ್ಲೂ ಇರಲಿಲ್ಲ. ಅವತ್ತು ಡೈರಿಯಲ್ಲಿ ಒಂದು ಕಳೆಯುವ ಲೆಕ್ಕ ಬರೆದೆ. ನೂರಹದಿನೆಂಟರಲ್ಲಿ ಹನ್ನೊಂದು ಹೋದರೆ ನೂರಏಳು. ಅಂದರೆ ಮಗು ಹುಟ್ಟುವ ಐದು ದಿನ ಮೊದಲು.

ನಾನು ಹೋಟೆಲಿನ ತರಬೇತಿ ವಿಭಾಗಕ್ಕೆ ಬರೆದೆ. ಹದಿನೇಳನೇ ಸಾಲಿಗೆ 'ಅತಿಥಿಗಳ ಕಡೆಯವರನ್ನು ಕೇಳಿದ ಮೇಲೆ ಮಾತ್ರ' ಎಂದು ಸೇರಿಸಬೇಕು, ಇಂಥ ದಿನ ಹೀಗಾಯಿತು ಎಂದು. ಎರಡು ವಾರದ ಮೇಲೆ ಉತ್ತರ ಬಂತು. ಆ ದಿನ ಆ ಕೋಣೆಯಲ್ಲಿ ಯಾವ ಔತಣವೂ ದಾಖಲಾಗಿಲ್ಲ, ಆದ್ದರಿಂದ ತಿದ್ದುಪಡಿಗೆ ಆಧಾರವಿಲ್ಲ. ಭಾಯ್‌ಗೆ ತೋರಿಸಿದೆ. "ಖಲಾಸ್," ಎಂದರು, "ಊಟವೇ ಆಗ್ಲಿಲ್ಲ. ನಿಂಗೆ ಟೆನ್ಶನ್ ಎಂತಕ್ಕೆ?"

ಅಣ್ಣ ಊರಿಗೆ ಹೋಗುವ ದಾರಿಯಲ್ಲಿ ದುಬೈಯಲ್ಲಿ ಒಂಬತ್ತು ಗಂಟೆ ಇಳಿದ. ನಮ್ಮ ಕಟ್ಟಡದ ಕೆಳಗಿನ ಊಟದ ಹೋಟೆಲಿಗೆ ಕರೆದೊಯ್ದೆ. ಬಂಗುಡೆ ಸಾರು, ಕುಚ್ಚಲಕ್ಕಿ ಅನ್ನ. ಕತ್ತು ತೆಳ್ಳಗಾಗಿತ್ತು, ಗಡ್ಡದಲ್ಲಿ ಬಿಳಿ ಬಂದಿತ್ತು. ಎರಡನೇ ಸಲ ಅನ್ನ ಹಾಕಿಸಿಕೊಂಡ ಮೇಲೆ ನಾನು ಹೇಳಿದೆ. ಧ್ವಜ, ಇಸ್ತ್ರಿ, ಹೊಸ್ತಿಲು, ಹನ್ನೊಂದು ದಿನ, ನೂರಏಳು.

ಅವನು ಮೀನಿನ ಮುಳ್ಳು ತೆಗೆಯುವುದನ್ನು ನಿಲ್ಲಿಸಲಿಲ್ಲ.

"ಯಾಕೆ ಬಿಟ್ರು ಅಂತ ನಮಗೆ ಎಂತ ಹೇಳಿದ್ರು ಗೊತ್ತುಂಟಾ? ಬಂದರಿನಲ್ಲಿ ಜಾಗ ಬೇಕು, ಬೇರೆ ಹಡಗು ಬರ್ತದೆ ಅಂತ. ನೀನು ಕೂಡಿಸಿ ಕಳೆದು ಮಾಡಿದ್ದು ಅವರಿಗೆ ಗೊತ್ತಿಲ್ಲ."

"ಅದು ನಿಜವಾ?"

"ನಂಗೆಂತ ಗೊತ್ತು? ಕಾವಲಿನವ ಹೇಳಿದ."

"ಅರವತ್ತೊಂದರಿಂದ ಎಪ್ಪತ್ತೆರಡರವರೆಗೆ ಹಡಗಿನಲ್ಲಿ ಹೇಗಿತ್ತು?"

ಅಣ್ಣ ಇನ್ನೊಂದು ಮುಳ್ಳು ತೆಗೆದು ತಟ್ಟೆಯಂಚಿಗಿಟ್ಟ.

"ಕುಡಿಯುವ ನೀರು ಕಡಿಮೆ ಮಾಡಿದ್ದು ಆಗಲೇ ಇರ್ಬೇಕು. ಮೈಯೆಲ್ಲ ಬೆವರುಸಾಲೆ. ಆ ಡೈರಿ ತೆಗೀಬೇಡ ಮಾರಾಯ್ತಿ, ಊಟ ಮಾಡು." ಕೈ ತೊಳೆದು ಬಂದು ಕೂತ ಮೇಲೆ ಹೇಳಿದ: "ನಿನ್ನ ಅತ್ತಿಗೆಗೆ ಇದನ್ನು ಹೇಳ್ಬೇಡ. ನಾನೂ ಹೇಳುದಿಲ್ಲ. ನಮ್ಮಿಬ್ಬರೊಳಗೇ ಇರ್ಲಿ."

ಆ ಗುಟ್ಟನ್ನು ಒಂದೂವರೆ ವರ್ಷ ಒಳಗೇ ಇಟ್ಟುಕೊಂಡೆ. ಆ ಹೋಟೆಲು ಬಿಟ್ಟೆ, ಈಗ ಬೇರೆ ಕಡೆ ಇದ್ದೇನೆ. ಅತ್ತಿಗೆ ಪ್ರತಿ ಭಾನುವಾರ ಮಗುವಿನ ಫೋಟೋ ಕಳಿಸುತ್ತಿದ್ದರು. "ಆಗ ದಿನಾ ನನ್ನ ಜೊತೆ ಇದ್ದವಳು ನೀನೊಬ್ಬಳೇ" ಎಂದು ಒಂದು ಫೋಟೋದ ಕೆಳಗೆ ಬರೆದಿದ್ದರು. ಅದನ್ನು ಓದಿದ ಮೇಲೆ ನನಗೆ ತಡೆಯಲಾಗಲಿಲ್ಲ. ಕಳೆದ ಗುರುವಾರ ಬೆಳಿಗ್ಗೆ ಏಳೂಕಾಲಿಗೆ ನಾನೇ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿದರು. ಕೊನೆಗೆ, "ನಾನು ಯಾಕೆ ಅಂತ ಕೇಳಿದ್ದೆ ನಿನ್ನ ಹತ್ರ. ಗೊತ್ತಿಲ್ಲ ಅಂದೆ ನೀನು," ಎಂದು ಇಟ್ಟುಬಿಟ್ಟರು.

ಅವರಿಗೆ ಸಿಟ್ಟು ಧ್ವಜದ ಮೇಲೋ ಸುಳ್ಳಿನ ಮೇಲೋ ಎಂದು ಅಣ್ಣನನ್ನು ಕೇಳಿದೆ. ಅವನು ಹಡಗಿನಿಂದಲೇ ಇಬ್ಬರಿಗೂ ಮೆಸೇಜು ಹಾಕುತ್ತಿದ್ದಾನೆ. "ಸ್ವಲ್ಪ ಟೈಮ್ ಕೊಡು, ನಾನು ಮಾತಾಡ್ತಾ ಇದ್ದೇನೆ" ಎಂದು ನನಗೆ ಬರೆದ. ಅತ್ತಿಗೆಗೆ ಏನು ಬರೆದನೋ ಹೇಳುವುದಿಲ್ಲ. ಈ ಭಾನುವಾರ ಫೋಟೋ ಬರಲಿಲ್ಲ. ಇವತ್ತಿಗೆ ಆರು ದಿನ.